ತವರಿನ ಗೊಬ್ಬರ

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಕೂತಿದ್ದ ಅಕ್ಕ-ತಮ್ಮನ ಮಾತು ಬೇಡವೆಂದರೂ ಇಶ್ರತ್‌ಳ ಕಿವಿಗೆ ಬೀಳುತ್ತಿತ್ತು.

"ಟೊಮೆಟೊ ಬೇರಿನ ರಸ ಹೀರೋ ಆ ಕಳೆ ಸತ್ತೋಯ್ತೇನೋ?"

"ಎಲ್ಲಿ ಸಾಯ್ತದಕ್ಕ! ಮೊದ್ಲು ಸಾಯ್ತಿದ್ದ ಔಷಧಿಗೆ ಈಗ ಜಗ್ಗೋದೇ ಇಲ್ಲ. ಹೋದ ಬೆಳೇಲಿ ಹಂಗೆ ಉಳಿದಿದ್ದನ್ನ ಕಿತ್ತು ಹಸುಗಳಿಗೆ ಹಾಕಿದ್ದೆ."

"ಒಳ್ಳೇದೇ ಆಯ್ತು ಬಿಡು."

"ಹಸು ತಿಂದ್ರೂ ಅದರ ಬೀಜ ಸಾಯಲ್ವಂತಕ್ಕ. ಸಗಣೀಲಿ ಹಂಗೇ ಬರ್ತದಂತೆ. ಕೃಷಿ ಆಫೀಸಲ್ಲಿ ಇವತ್ತು ಹೇಳಿದ್ರು."

ಅಕ್ಕ ತಮ್ಮನ ಕಡೆ ತಿರುಗಿದಳು.

"ನನಗೆ ಕಳಿಸಿದ್ದು ಅದೇ ಗೊಬ್ಬರಾನಾ?"

"ಹೂಂ. ಹೊಲಕ್ಕೆ ಹಾಕ್ಬಿಟ್ಯಾ?"

"ಹಾಕಿ, ಉತ್ತೂ ಆಯ್ತು. ತವರಿಂದ ಬಂದಿದ್ದು ಅಂತ ಅಕ್ಕಪಕ್ಕದ ಹೊಲದೋರಿಗೂ ಮಂಕರಿ ಮಂಕರಿ ಕೊಟ್ಟೆ ಕಣೋ."

ಮುಳಬಾಗಿಲಿನ ಬಸ್ಸು ಬಂತು. ಅಕ್ಕ ಹತ್ತಿದಳು. ತಮ್ಮ ಎದ್ದು ಹೋಗಿ ಕಿಟಕಿಯ ಕೆಳಗೆ ನಿಂತ. ಆ ಕಿಟಕಿಯ ಸೀಟು ಖಾಲಿಯಿದ್ದರೂ ಅಕ್ಕ ಆಚೆ ಬದಿಗೆ ಹೋಗಿ ಕೂತಳು.