ಪರದೆಯ ಎಡಕ್ಕೆ

ಇದು ನಮ್ಮ ಚಿಕ್ಕಪ್ಪನ ಮಗಳಿಗೇ ಆದದ್ದು. ಆಸ್ಪತ್ರೆಯ ಕಚೇರಿಯಲ್ಲಿ ಅವಳಿಗೆ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ. ಆ ರಾತ್ರಿ ಹಾಳುಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದಳು... ಕಾಲಡಿ ಒಣ ಎಲೆ ಚರಚರ... ಫೋನ್ ಬಂತು. ಕಚೇರಿಯ ಕಾವಲುಗಾರ ತಾತ. ಪಿಸುದನಿ.

"ಅಮ್ಮಾ, ಪ್ರಿಂಟರ್ ಸುಮ್ನೆ ಕೂತಿದೆ."

ರೋಗಿಗಳಿಗೆ ಆಪರೇಷನ್ ದಿನ ತಿಳಿಸುವ ಪತ್ರಗಳು ಬೆಳಗಿನ ಟಪಾಲಿಗೆ ಹೋಗಬೇಕು. ಕಂಪ್ಯೂಟರಿನ ವರ್ಡ್ ತಾನೇ ಪತ್ರ ಬರೆದು ತಾನೇ ಪ್ರಿಂಟ್ ಮಾಡುವಂತೆ ಕೋಡ್ ಬರೆದು, ಓಡಿಸಿ ಬಂದಿದ್ದಳು. "ಈ ಸಲವೂ ಕೈಕೊಟ್ರೆ ನಾಳೆಯಿಂದ ಬರೋದು ಬೇಡ" ಎಂದು ಮೇಲಿನವರು ಹೇಳಿಯಾಗಿತ್ತು. ಹಾಗೇ ಕಚೇರಿಗೆ ಹಿಂದಿರುಗಿದಳು.

ವರ್ಡ್ ಓಡುತ್ತಿದೆ ಎಂದು ಪರದೆಯ ಕೆಳಪಟ್ಟಿ ಹೇಳುತ್ತಿತ್ತು. ಅದರ ಪುಟ ಮಾತ್ರ ಪರದೆಯಲ್ಲಿ ಎಲ್ಲೂ ಇಲ್ಲ. ಕಾಣಿಸಿಕೋ ಎಂದು ಕೋಡಿಗೆ ಒಂದು ಸಾಲು ಸೇರಿಸಿದಳು. ಇಲ್ಲ. ಕೆಲಸ ಬೇಗ ಆಗಲೆಂದು ಪರದೆ ಬದಲಾಗುವುದನ್ನು ಕೋಡಿನಲ್ಲಿ ತಾನೇ ನಿಲ್ಲಿಸಿದ್ದಳು. ಅದನ್ನೂ ಮತ್ತೆ ಶುರುಮಾಡಿದಳು. ಇಲ್ಲ. ಎಲ್ಲ ಮುಚ್ಚಿ ಮೊದಲಿಂದ ತೆರೆದಳು... ಅದೇ ರಾಗ, ಅದೇ ಹಾಡು. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಕೋಡ್ ಬರೆದವಳನ್ನು, ಅಂದರೆ ತನ್ನನ್ನೇ, ಬಾಯಿತುಂಬ ಬೈದುಕೊಂಡಳು.

ಕೊನೆಗೆ ಪುಟ ಎಲ್ಲಿದೆ ಎಂದು ಕೋಡನ್ನೇ ಕೇಳಿದಳು. ಉತ್ತರ ಬಂತು. ಪರದೆಯ ಎಡ ಅಂಚಿನಿಂದ ಆಚೆ. ಅಲ್ಲಿದ್ದದ್ದು ಒಂದು ಖಾಲಿ ಮೇಜು...

"ತಾತ, ಇಲ್ಲಿ ಇನ್ನೊಂದು ಸ್ಕ್ರೀನ್ ಇತ್ತಾ?"

"ಇತ್ತಮ್ಮ. ನಿಮಗಿಂತ ಮುಂಚೆ ಇದ್ದ ಟೈಪಿಸ್ಟಮ್ಮ ಇಟ್ಕೊಂಡಿದ್ರು. ಅವರು ತೀರ್‍ಕೊಂಡ ಮೇಲೆ ತೆಗೆದ್ರು."

ಆ ಹಳೆಯ ಸ್ಕ್ರೀನಿನ ನೆನಪು ಕಂಪ್ಯೂಟರಿನಲ್ಲಿ ಉಳಿದಿರಬೇಕು, ಅಷ್ಟೇ. ಪುಟವನ್ನು ನಡುಪರದೆಗೆ ತರುವ ಸಾಲು ಬರೆದಳು. ಬಂತು. ಬಂದದ್ದು... ಮೆಲ್ಲಗೆ ಎಡಕ್ಕೆ ಸರಿಯಿತು. ಮತ್ತೆ ತಂದಳು. ಮತ್ತೆ ಸರಿಯಿತು. ಖಾಲಿ ಮೇಜಿನ ಕಡೆಯಿಂದ ಮೌಸ್ ಒತ್ತಿದ ಸದ್ದು. ಟಿಕ್... ಟಿಕ್.

ಬೇರೆಯವರಾಗಿದ್ದರೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದರು. ಇವಳಿಗೆ ಹೆದರಿಕೆಗಿಂತ ರೇಗಿದ್ದೇ ಹೆಚ್ಚು. ಪಿಸುದನಿಯಲ್ಲೇ ಸಿಡುಕಿದಳು.

"ಅಕ್ಕಾ, ಸಾಕು ಮಾಡಿ! ನಿಮಗೆ ಆಟ, ನನಗೆ ಪ್ರಾಣಸಂಕಟ. ಬೆಳಗಾದ್ರೆ ನನ್ನ ಕೆಲಸ ಹೋಗುತ್ತೆ."

ಸದ್ದು ನಿಂತಿತು...

ಎಡದಿಂದ ಪುಟ ತಾನಾಗಿ ಬಂತು. ಅದರ ಮೇಲೊಂದು ಸಣ್ಣ ಚೌಕ. 'ಬರಹ ಕಾಗದದ ಅಂಚು ಮೀರುತ್ತಿದೆ. ಮುಂದುವರಿಸಲೇ?' ಸಂಜೆಯಿಂದ ಕಾಣದ ಕಡೆ ಉತ್ತರಕ್ಕೆ ಕಾಯುತ್ತಿದ್ದದ್ದು ಈ ಹಾಳು ಪ್ರಶ್ನೆ! ಅವಳ ಕೈ ಮೌಸಿಗೆ ತಾಗುವ ಮೊದಲೇ... ಟಿಕ್. 'ಹೌದು' ಒತ್ತಿಯಾಗಿತ್ತು.

ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಎದ್ದಿತು. ಸರ್ರ್... ಖಟಕ್. ಸರ್ರ್... ಖಟಕ್. ನಡುನಡುವೆ ಕಾಗದದ ಮೇಲೆ ಯಾರೋ ಉಗುರು ಎಳೆದ ಹಾಗೆ ಇನ್ನೊಂದು ಸಣ್ಣ ಸದ್ದು. ಇವಳೂ ತಾತನೂ ಬಾಗಿಲಲ್ಲೇ ನಿಂತರು. ಒಳಗೆ ಹೋಗುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಎಲ್ಲ ನಿಂತ ಮೇಲೆ ದೀಪ ಹಾಕಿದರು. ಪತ್ರಗಳು ಮುಗಿದಿದ್ದವು. ಬೆಳಗಿನ ಟಪಾಲಿಗೆ ಹೋದವು, ಅವಳ ಕೆಲಸ ಉಳಿಯಿತು. ಅದೆಲ್ಲ ಸರಿ. ಆದರೆ ಪ್ರಿಂಟರಿನ ತಟ್ಟೆಯಲ್ಲಿದ್ದ ಒಂದೊಂದು ಪತ್ರವೂ ಲಕೋಟೆಯೊಳಗೆ ಇಡುವಂತೆ ನೀಟಾಗಿ ಮಡಿಸಿಟ್ಟಿತ್ತು. ತಾತನೂ ಕಣ್ಣಾರೆ ಕಂಡಿದ್ದಾನೆ, ಬೇಕಾದರೆ ಕೇಳಿ. ನಾನೇ ಹೋಗಿ ಆ ಪ್ರಿಂಟರ್ ನೋಡಿ ಬಂದೆ... ಅದಕ್ಕೆ ಕಾಗದ ಮಡಿಸಲು ಬರುವುದಿಲ್ಲ.