ಎರಡು ಸಲ ಬಂದ ನಕ್ಷತ್ರ

ತಲೆನೋವೆಂದು ನರರೋಗದ ಡಾಕ್ಟರ ಕೋಣೆಯ ಹೊರಗೆ ಕೂತಿದ್ದ ಬಸ್ ಡ್ರೈವರ್‌ಗೆ ಪಕ್ಕದ ಬೆಂಚಿನ ಅಣ್ಣ ತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಡಾಕ್ಟರಿಗೆ ಏನಂತ ಹೇಳ್ಲಿ?”

“ಇದ್ದದ್ದನ್ನೇ ಹೇಳಣ್ಣ. ರಾತ್ರಿ ದೂರದರ್ಶಕದಲ್ಲಿ ನೋಡ್ತಾ, ಕ್ಷುದ್ರಗ್ರಹ ಅಡ್ಡ ಬಂದು ನಕ್ಷತ್ರ ಮರೆಯಾದಾಗ ‘ಹೋಯ್ತು’, ಮತ್ತೆ ಕಂಡಾಗ ‘ಬಂತು’ ಅಂತ ರೆಕಾರ್ಡರಿಗೆ ಕೂಗ್ತಿದ್ದೆ ಅಂತ.”

“ಎರಡು ಸಲ ಮರೆಯಾಯ್ತು ಕಣೇ. ಆ ಕ್ಷುದ್ರಗ್ರಹವನ್ನ ಸುತ್ತೋ ಮರಿಚಂದ್ರ ಒಂದು ಇರಬೇಕು. ವಿಜ್ಞಾನಿಗಳಿಗೆ ಕಳಿಸೋಣ ಅಂದ್ರೆ ನೀನೇ ಬಿಡಲಿಲ್ಲ.”

“ನನ್ನ ಕ್ಯಾಮೆರಾದಲ್ಲಿ ಒಂದೇ ಸಲ ಮರೆಯಾಗಿದೆ.”

“ನನ್ನ ಕಡೆ ಮೋಡ ಬಂದಿರಬಹುದು.”

“ನಾನೂ ಪಕ್ಕದಲ್ಲೇ ಇದ್ದೆನಲ್ಲ, ಎಲ್ಲಿಯ ಮೋಡ? ರೆಕಾರ್ಡರಲ್ಲಿ ‘ಹೋಯ್ತು’ ಒಂದೇ ಇದೆ, ‘ಬಂತು’ ಎರಡಿವೆ. ಆ ಎರಡು ‘ಬಂತು’ಗಳ ನಡುವೆ ನಾನು ಅಣ್ಣಾ ಅಣ್ಣಾ ಅಂತ ಕರೆದಿದ್ದೂ ಇದೆ. ನೀನು ಓಗೊಡಲಿಲ್ಲ.”



“ಮರಿಚಂದ್ರನೇ ಆಗಿದ್ರೆ ಚೆನ್ನಾಗಿತ್ತು.”

“ನಾನೂ ಅದನ್ನೇ ಬೇಡ್ಕೊಂಡೆ.”

ನರ್ಸ್ ಕರೆದಳು. ಇಬ್ಬರೂ ಎದ್ದರು. ಬಾಗಿಲ ಹಿಡಿಗೆ ಕೈಯಿಟ್ಟ ಅಣ್ಣ ಹಾಗೇ ನಿಂತುಬಿಟ್ಟ. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಎಲ್ಲೂ ಇರಲಿಲ್ಲ. ಡ್ರೈವರ್ ಬೆಂಚಿನಿಂದ ಅರ್ಧ ಎದ್ದ.

ತಂಗಿ ಅವನ ತೋಳು ಬಿಡದೆ, ಕೈಗಡಿಯಾರ ನೋಡುತ್ತ, “ಹೋಯ್ತು” ಎಂದು ಪಿಸುಗುಟ್ಟಿದಳು.

ತುಸು ಹೊತ್ತಿನ ಮೇಲೆ ಅಣ್ಣ ಬಾಗಿಲು ತಳ್ಳಿದ.

“ಯಾಕೆ ನಿಂತ್ಬಿಟ್ಟೆ? ಬಾ ಒಳಗೆ.”