ಚಿತ್ತು ಬಿದ್ದ ಕಾಗದ

ಇಸ್ತ್ರಿ ಅಂಗಡಿಯಾಕೆ ನನ್ನ ಬೆಡ್‌ಶೀಟಿಗೆ ನೀರು ಚಿಮುಕಿಸುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ಕುಳಿತು ಏನೋ ಬರೆಯುತ್ತಿದ್ದ ಅವಳ ಮಗಳು ತಲೆಯೆತ್ತಿದಳು.

"ಅಮ್ಮಾ, ಮ... ಮತ್ತೆ ಚಿತ್ತಾಯ್ತು."

"ಎಷ್ಟನೇದೇ ಇದು?"

"ಹನ್ನೊಂದನೇದು. ಒಂದು ಚಿತ್ತಿದ್ರೂ ತಿದ್ದುಮನೆ ಕಚೇರಿಯವರು ಅರ್ಜಿ ಓದದೆ ವಾಪಸ್ ಕಳಿಸ್ತಾರೆ."

"ಎರಡು ವರ್ಷದಿಂದ ಇದೇ ಆಯ್ತು. ಮುಂದಿನ ವಾರ ನಿಂಗೆ ಹದಿನಾರು ತುಂಬುತ್ತೆ, ನಿನ್ನ ಕರ್ಕೊಂಡು ಹೋಗೋಕೆ ಅವರ ಗಾಡಿ ಬಾಗಿಲಿಗೇ ಬರುತ್ತೆ."

"ಹದಿನಾರಾದ ಮೇಲೆ ಯಾರಲ್ಲೂ ಯಾವ ಕುಂದೂ ಇರಬಾರ್ದು ಅಂತ ಕಾನೂನಲ್ವಾ. ಅಲ್ಲಿ ತೊ... ತೊದಲು ಹೋಗಿಸ್ತಾರಂತೆ."

"ನಿಮ್ಮಕ್ಕಂದೂ ಹೋಗಿಸಿದ್ರು. ಅದರ ಜೊತೆ ನಗೂನೂ ಹೋಯ್ತು. ಈಗ ಹೆತ್ತ ತಾಯಿನ 'ತಾವು' ಅಂತಾಳೆ, ಸರ್ಕಾರಿ ನೋಟೀಸ್ ಮಾತಾಡಿದ ಹಾಗೆ."

ಮಗಳು ಕಿಸಕ್ಕನೆ ನಕ್ಕಳು.

"ಎಲ್ಲಿ, ಬರೆದಿದ್ದು ಓದು."

"'ನನ್ನ ಮಾತು ನನಗೆ ಸಾಕು. ತಿದ್ದಿಸಿಕೊಳ್ಳಲು ನಾನು ಬ... ಬ... ಬರುವುದಿಲ್ಲ.'"

"ಚಿತ್ತು ಎಲ್ಲಿ ಬಿದ್ದಿದೆ?"

"'ಬರುವುದಿಲ್ಲ' ಅನ್ನೋದ್ರ ಮೇಲೆ."

"ನಿನ್ನ ನಾಲಿಗೇನೂ ಅಲ್ಲೇ ತಾನೇ ತಡವರಿಸಿದ್ದು? ಹಾಗಾದ್ರೆ ಕಾಗದ ಸರಿಯಾಗೇ ಇದೆ. ಲಕೋಟೆಗೆ ಹಾಕು."

"ವಾಪಸ್ ಕ... ಕಳಿಸಿದ್ರೆ?"

"ಇದನ್ನೇ ಮತ್ತೆ ಕಳಿಸೋಣ. ಗಾಡಿಯವರು ಬಂದ್ರೆ ಬರ್ಲಿ, ಬಾಗಿಲಿಗೆ ಅಡ್ಡ ನಾನಿರ್ತೀನಿ. ಇಸ್ತ್ರಿಪೆಟ್ಟಿಗೇನೂ ಕಾದಿರುತ್ತೆ."

ಆಕೆ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ನನ್ನ ಕಡೆ ತಿರುಗಿದಳು.

"ಅಜ್ಜಿ, ಅರ್ಧ ಸುಕ್ಕು ಹಾಗೇ ಉಳಿದಿದೆ. ಈಗ ಬಂದ್ಬಿಡ್ತೀವಿ."

"ಇರಲಿ ಬಿಡಮ್ಮ, ಅದರ ಮೇಲೆ ಮಲಗೋಳು ನಾನೇ" ಎಂದೆ.

ತಾಯಿ ಮಗಳು ರಸ್ತೆ ದಾಟಿದರು. ಅಂಚೆಡಬ್ಬಿಯ ಮುಂದೆ ತಾಯಿ ಕೈ ಚಾಚಿದಳು. ಮಗಳು ಕೊಡಲಿಲ್ಲ, ಲಕೋಟೆಯನ್ನು ತಾನೇ ಒಳಗೆ ಹಾಕಿದಳು.